ಚೆಲ್ಲಬೇಡಮ್ಮ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಆರೋಗ್ಯ ಕೇಂದ್ರದ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಚೆಲ್ಲಬೇಡಮ್ಮ. ಯಾವ ತಲೆಹರಟೆ ಇಟ್ಟ ಹೆಸರೋ ಏನೋ, ಇಟ್ಟವರನ್ನು ಬೈಯುವ ಹಾಗೂ ಇರಲಿಲ್ಲ. ಮನೆಮನೆಗೆ ಹೋಗಿ ಏನು ತಿನ್ನಬೇಕು, ಹೇಗೆ ಬೇಯಿಸಬೇಕು ಎಂದು ಹೇಳಿಕೊಡುವುದು ಅವಳ ನೌಕರಿ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಆಡುವ ಹತ್ತು ಮಾತಿನಲ್ಲಿ ಎಂಟು ಮಾತು ಇದೇ ಆಗಿರುತ್ತಿತ್ತು: "ತರಕಾರಿ ಬೇಯಿಸಿದ ನೀರು ಚೆಲ್ಲಬೇಡಮ್ಮಾ! ಸತ್ವ ಎಲ್ಲಾ ಅದರಲ್ಲೇ ಇರೋದು!"

ಯಾರ ಮನೆಗೆ ಹೋದರೂ ಅವಳು ಕುರ್ಚಿಯ ಮೇಲೆ ಕೂತವಳಲ್ಲ. ನೆಟ್ಟಗೆ ಅಡುಗೆಮನೆ. ಅಲ್ಲಿಯೂ ಒಲೆ ನೋಡುವ ಮೊದಲು ಸಿಂಕು ನೋಡುತ್ತಿದ್ದಳು. ಸಿಂಕು ಬೆಚ್ಚಗಿದ್ದು ಸೊಪ್ಪಿನ ವಾಸನೆ ಬಂತೋ, ಆ ಮನೆಯವಳ ಗ್ರಹಚಾರ ಬಿಡಿಸಿದಳೆಂದೇ ಲೆಕ್ಕ. "ಇಷ್ಟೊಂದು ನೀರು ಯಾಕ್ರೀ, ಆಲೂಗಡ್ಡೆಗೆ ಈಜು ಕಲಿಸ್ತಿದ್ದೀರಾ? ಅರ್ಧ ಲೋಟ ಹಾಕಿ, ಮುಚ್ಚಳ ಮುಚ್ಚಿ, ಉರಿ ಸಣ್ಣ ಮಾಡಿ. ಸೊಪ್ಪು ತೊಳೆದು ಹೆಚ್ತಾರೋ ಹೆಚ್ಚಿ ತೊಳೀತಾರೋ? ಎಣ್ಣೆ ಸೀಸೆ ಬಗ್ಗಿಸಬೇಡಿ, ಚಮಚ ಇಲ್ವಾ ಮನೇಲಿ? ಉಪ್ಪು ಕೊನೇಲಿ ಹಾಕಿ, ಅರ್ಧಕ್ಕೆ ಸಾಕಾಗುತ್ತೆ. ಉಳಿದ ನೀರಲ್ಲಿ ಹಿಟ್ಟು ಕಲಸಿ, ಬೇಳೆಗೆ ಸುರೀರಿ, ಏನೂ ಇಲ್ದಿದ್ರೆ ಮೆಣಸಿನಪುಡಿ ಉದುರಿಸಿ ಮಕ್ಕಳಿಗೆ ಕುಡಿಸಿ." ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಆದರೆ ಅವಳು ಹೇಳಿದಂತೆಯೇ ಮಾಡುತ್ತಿದ್ದರು. ಮಾಡಿದವರ ಮನೆಯ ಮಕ್ಕಳ ಕೆನ್ನೆ ತುಂಬಿಕೊಂಡದ್ದೂ ನಿಜ, ಬಾಣಂತಿಯರ ರಕ್ತ ಏರಿದ್ದೂ ನಿಜ. ಅವಳು ಹೇಳಿದ್ದು ತಪ್ಪೇನಲ್ಲ. ತಪ್ಪಾಗಿದ್ದರೆ ಈ ಕಥೆಯನ್ನು ಹೇಳುವುದು ಎಷ್ಟೋ ಸುಲಭವಾಗುತ್ತಿತ್ತು.

ಅವಳಿಗೆ ಇದ್ದವಳು ಒಬ್ಬಳೇ ತಂಗಿ. ತಾಯಿ ಹೋದಾಗ ಇವಳಿಗೆ ಹದಿನೇಳು, ತಂಗಿಗೆ ಏಳು. ಅಲ್ಲಿಂದ ಮುಂದೆ ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಶಾಲೆಯಲ್ಲಿ ಮೇಷ್ಟ್ರ ಕೈಲಿ ಬೈಸಿಕೊಂಡದ್ದು, ಕೊನೆಗೆ ಮದುವೆ ಮಾಡಿ ಕಳಿಸಿದ್ದು ಎಲ್ಲಾ ಇವಳೇ. ತಾನು ಮದುವೆಯಾಗುವುದು ಮರೆತೇ ಹೋಯಿತೋ, ಬೇಕೆಂದೇ ಮರೆತಳೋ, ಯಾರೂ ಕೇಳಲಿಲ್ಲ. ಕಳಿಸಿದ್ದಾದರೂ ಎಷ್ಟು ದೂರ? ಅದೇ ಕಟ್ಟಡದ ಮೇಲಿನ ಮಹಡಿಗೆ. ತಂಗಿಯ ಗಂಡ ಬೇಕರಿಯ ವ್ಯಾನ್ ಓಡಿಸುತ್ತಿದ್ದ; ಬಾಯಿ ಸತ್ತ ಮನುಷ್ಯ, ಮಾತಾಡಿದರೆ ಬ್ರೆಡ್ಡು ಹಳಸೀತು ಅನ್ನುವ ಹಾಗಿದ್ದ. ತಂಗಿ ಮೂಲೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅವಳಿಗೆ ಮಾತೆಂದರೆ ಮಾತು. "ಅಕ್ಕಾ, ನೀನು ಸ್ವರ್ಗಕ್ಕೆ ಹೋದ್ರೂ ದೇವರ ಮುಖ ನೋಡಲ್ಲ, ಮೊದಲು ಅಲ್ಲಿನ ಸಿಂಕು ನೋಡ್ತೀಯ" ಅನ್ನುತ್ತಿದ್ದಳು. ಅಕ್ಕ ಅವಳ ತಲೆಗೊಂದು ಮೊಟಕುತ್ತಿದ್ದಳು. ಮಕ್ಕಳಿಲ್ಲದ ಮೇಲಿನ ಮನೆ, ಮದುವೆಯಿಲ್ಲದ ಕೆಳಗಿನ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ದಿನವೆಲ್ಲ ಪಾತ್ರೆ ಹತ್ತುತ್ತಿತ್ತು, ಪಾತ್ರೆ ಇಳಿಯುತ್ತಿತ್ತು.

ನಲವತ್ತಮೂರಕ್ಕೆ ತಂಗಿಯ ಕಾಲು ಊದಿಕೊಂಡವು. ದಿನವಿಡೀ ನಿಂತು ಇಸ್ತ್ರಿ ಮಾಡುವವಳಿಗೆ ಕಾಲು ಊದದೆ ಇನ್ನೇನು ಊದುತ್ತದೆ ಎಂದು ಮೊದಮೊದಲು ನಕ್ಕರು. ಮುಖವೂ ಊದಿದಾಗ ನಗು ನಿಂತಿತು. ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಎರಡು ಕಿಡ್ನಿಯೂ ಅರ್ಧಕ್ಕಿಂತ ಹೆಚ್ಚು ಸೋತಿವೆ ಎಂದರು. ಔಷಧಿ ಇದೆ, ಪಥ್ಯ ಸರಿಯಾಗಿ ಮಾಡಿದರೆ ವರ್ಷಗಟ್ಟಲೆ ತಳ್ಳಬಹುದು ಎಂದರು. ಡಾಕ್ಟರಿಗೆ ಚೆಲ್ಲಬೇಡಮ್ಮನ ಪರಿಚಯವಿತ್ತು, ಆರೋಗ್ಯ ಕೇಂದ್ರದ ಸಭೆಗಳಲ್ಲಿ ನೋಡಿದ್ದರು. ಹೊರಗೆ ರೋಗಿಗಳ ಸಾಲು ಬಾಗಿಲು ದಾಟಿ ನಿಂತಿತ್ತು. ಅವರು ಬರೆಯುತ್ತಲೇ, ತಲೆ ಎತ್ತದೆ ಹೇಳಿದರು: "ಉಪ್ಪು ಕಡಿಮೆ ಮಾಡಿ. ತರಕಾರಿ ಚೆನ್ನಾಗಿ ಬೇಯಿಸಿ, ಬಸಿದು ಕೊಡಿ. ನಿಮಗೆ ನಾನು ಹೇಳಿಕೊಡಬೇಕಾ, ನೀವೇ ಊರಿಗೆ ಹೇಳೋರು."

ಬಸಿದು ಕೊಡಿ. ಇಷ್ಟೇ ಮಾತು. ಇದರಲ್ಲಿ ಯಾರಿಗೆ ಏನು ಗೊಂದಲ, ನೀವೇ ಹೇಳಿ. ನೀರು ಬಸಿದು ಚೆಲ್ಲಿ, ತರಕಾರಿ ಕೊಡಿ ಎಂದು ಯಾರಿಗಾದರೂ ತಿಳಿಯುತ್ತದೆ. ಆದರೆ ಚೆಲ್ಲಬೇಡಮ್ಮನ ಬಾಯಲ್ಲಿ ಆ ಮಾತಿಗೆ ಇಪ್ಪತ್ತಾರು ವರ್ಷದಿಂದ ಬೇರೆಯದೇ ಅರ್ಥ. ಕಷಾಯ ಬಸಿದು ಕೊಡುತ್ತಾರೆ. ಹಾಸಿಗೆ ಹಿಡಿದವರಿಗೆ ಬೇಳೆಯ ತಿಳಿ ಬಸಿದು ಕೊಡುತ್ತಾರೆ. ಬಸಿದರೆ ಕೊಡುವುದು ನೀರನ್ನು. ಗಸಿ ಪಾತ್ರೆಯಲ್ಲಿ ಉಳಿದರೂ ನಡೆಯುತ್ತದೆ. ಡಾಕ್ಟರೂ ತನ್ನ ಮಾತನ್ನೇ ಹೇಳಿದರಲ್ಲ ಎಂದು ಅವಳ ಎದೆ ಉಬ್ಬಿತು. ತಂಗಿಯ ಗಂಡ ಆ ಹೊತ್ತಿಗೆ ಔಷಧಿ ಕೊಡುವ ಕಿಟಕಿಯ ಮುಂದೆ ನಿಂತಿದ್ದ.

ಮಾರನೆಯ ದಿನದಿಂದ ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಪಾಲಕ್, ಆಲೂಗಡ್ಡೆ, ಕ್ಯಾರೆಟ್, ಎರಡು ಟೊಮೇಟೊ. ಸಿಪ್ಪೆ ತೆಗೆಯದೆ ತೊಳೆದು, ಮುಚ್ಚಳ ಮುಚ್ಚಿ, ಮೆತ್ತಗಾಗುವಷ್ಟು ಬೇಯಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ ಹಿಂಡಿ ಬಸಿಯುತ್ತಿದ್ದಳು. ಒಂದು ಹನಿ ಕೆಳಗೆ ಬಿದ್ದರೆ ಜೀವವೇ ಹೋದ ಹಾಗೆ ಆಡುತ್ತಿದ್ದಳು. ಉಪ್ಪು ಮಾತ್ರ ಒಂದು ಹರಳೂ ಇಲ್ಲ, ಪಥ್ಯವೆಂದರೆ ಪಥ್ಯ. ಹದಿನಾಲ್ಕು ಮೆಟ್ಟಿಲು ಹತ್ತಿ, ದೊಡ್ಡ ಲೋಟದಲ್ಲಿಟ್ಟು, "ಬಿಸಿಬಿಸಿ ಕುಡಿದುಬಿಡೇ" ಎಂದು ಹೇಳಿ ಮನೆಮನೆ ಸುತ್ತಲು ಹೊರಡುತ್ತಿದ್ದಳು. ಸಂಜೆ ಬಂದಾಗ ಲೋಟ ತೊಳೆದು ಬೋರಲು ಹಾಕಿರುತ್ತಿತ್ತು. ಒಂದು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ, "ಪರವಾಗಿಲ್ಲ, ಹೀಗೇ ನಡೀಲಿ" ಎಂದರು. ಚೆಲ್ಲಬೇಡಮ್ಮ ಆ ಗುರುವಾರ ಕೇಂದ್ರದಲ್ಲಿ ಒಲೆ ಹಚ್ಚಿ ಹೆಂಗಸರಿಗೆ ಕಲಿಸುವಾಗ ತಂಗಿಯ ಕಥೆಯನ್ನೇ ಹೇಳಿದಳು. "ಕಿಡ್ನಿ ಹೋದೋಳನ್ನ ಈ ನೀರಲ್ಲೇ ಉಳಿಸಿದ್ದೀನಿ ಕಣ್ರೇ, ನೀವು ಇನ್ನೂ ಚೆಲ್ತೀರಲ್ಲ!"

ಅದಾಗಿ ನಾಲ್ಕು ದಿನಕ್ಕೆ ತಲೆನೋವೆಂದು ಬೇಗ ಮನೆಗೆ ಬಂದಳು. ಮೇಲೆ ಹೋದರೆ ಬಾಗಿಲು ತೆಗೆದೇ ಇತ್ತು. ತಂಗಿ ಸಿಂಕಿನ ಮುಂದೆ ನಿಂತು ಲೋಟ ಬಗ್ಗಿಸುತ್ತಿದ್ದಳು. ಹಸಿರು ನೀರು ಸದ್ದಿಲ್ಲದೆ ಇಳಿದು ಹೋಗುತ್ತಿತ್ತು.

ಅಕ್ಕ ಹೊಸ್ತಿಲಲ್ಲೇ ನಿಂತಳು. "ದಿನಾ ಹೀಗೇನಾ?"

"ಅಕ್ಕಾ, ಕೂತ್ಕೋ. ಅದು ಹಾಗಲ್ಲ, ಡಾಕ್ಟರು—"

"ಡಾಕ್ಟರ ಹೆಸರು ಎತ್ತಬೇಡ! ಡಾಕ್ಟರು ನನ್ನ ಮುಂದೇನೇ ಹೇಳಿದ್ದಾರೆ, ಬಸಿದು ಕೊಡಿ ಅಂತ. ಚಿಕ್ಕೋಳಿದ್ದಾಗ ಕಿಟಕಿಯಿಂದ ಚೆಲ್ತಿದ್ದೆ, ಈಗ ಸಿಂಕು. ನಿನ್ನ ನೆಪಗಳು ನನಗೆ ಗೊತ್ತಿಲ್ವಾ?" ಅಷ್ಟು ಬೈದವಳು ಇದ್ದಕ್ಕಿದ್ದಂತೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದಳು. "ಊರಿಗೆಲ್ಲ ಬುದ್ಧಿ ಹೇಳೋಳು ಕಣೇ ನಾನು. ನನ್ನ ಕೈಯಾರೆ ಬೆಳೆಸಿದೋಳಿಗೇ ನನ್ನ ಮಾತು ಬೇಡವಾಯ್ತಾ? ನೀನೂ ಹೋಗಿಬಿಟ್ರೆ ನಾನು ಯಾರಿಗೋಸ್ಕರ ಒಲೆ ಹಚ್ಚಲಿ?"

ಅಕ್ಕ ಅತ್ತದ್ದನ್ನು ತಂಗಿ ಅದುವರೆಗೆ ನೋಡಿರಲಿಲ್ಲ. ತಾಯಿ ಹೋದ ದಿನವೂ ನೋಡಿರಲಿಲ್ಲ. ಲೋಟದ ತಳದಲ್ಲಿ ಉಳಿದಿದ್ದನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ಆಯ್ತಲ್ಲ, ಏಳು. ಮೂಗು ಒರೆಸ್ಕೋ, ಒಳ್ಳೆ ಮಗು ಥರ" ಎಂದಳು.

ಆವತ್ತಿನಿಂದ ಅಕ್ಕ ಎದುರು ಕೂತೇ ಕುಡಿಸಿದಳು. ಲೋಟ ತಲೆಕೆಳಗು ಮಾಡಿ ತೋರಿಸಬೇಕು, ಆಮೇಲೇ ಎದ್ದು ಹೋಗುತ್ತಿದ್ದಳು. ಮೂರು ವಾರಕ್ಕೆ ತಂಗಿ ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆ ಎಂದಳು. ತೊಡೆಯಲ್ಲಿ ಶಕ್ತಿಯೇ ಇಲ್ಲ, ಬೆರಳು ಜುಮ್ಮೆನ್ನುತ್ತವೆ ಎಂದಳು. ನಿಶ್ಶಕ್ತಿಗೆ ಏನು ಮದ್ದು? ಚೆಲ್ಲಬೇಡಮ್ಮನಿಗೆ ಗೊತ್ತಿದ್ದ ಮದ್ದು ಒಂದೇ. ಬೆಳಿಗ್ಗೆ ಒಂದು ಲೋಟವಿದ್ದದ್ದು ಸಂಜೆಗೂ ಒಂದಾಯಿತು. ತಂಗಿ ಎರಡನ್ನೂ ಕುಡಿದಳು. ಅಯ್ಯೋ, ಒಂದು ದಿನವಾದರೂ ಆ ಹುಡುಗಿ ಜಗಳ ಆಡಬಾರದಿತ್ತೇ!

ಒಂದು ಬೆಳಿಗ್ಗೆ ಲಾಂಡ್ರಿಯಲ್ಲಿ ಯಾರದೋ ಅಂಗಿಯ ತೋಳು ಮಡಿಸುತ್ತಿದ್ದವಳು ಹಾಗೇ ನೆಲಕ್ಕೆ ಜಾರಿದಳು. ಆಸ್ಪತ್ರೆಗೆ ಸೇರಿಸಿದರು, ಎದೆಗೆ ತಂತಿ ಅಂಟಿಸಿದರು. ನಾಡಿ ತುಂಬಾ ನಿಧಾನವಾಗಿದೆ ಎಂದು ನರ್ಸುಗಳು ಓಡಾಡಿದರು. ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿದ್ದ ಅಕ್ಕನ ಪಕ್ಕಕ್ಕೆ ರೋಗಿಗಳ ಊಟ ನೋಡಿಕೊಳ್ಳುವ ಹೆಂಗಸು ಬಂದು ಕೂತು, ಮನೆಯಲ್ಲಿ ಏನೇನು ತಿನ್ನುತ್ತಿದ್ದರು ಎಂದು ಕೇಳಿದಳು. ಅಂಥ ಹೊತ್ತಿನಲ್ಲೂ ಚೆಲ್ಲಬೇಡಮ್ಮ ಸೆಟೆದು ಕೂತಳು. ಪಥ್ಯದಲ್ಲಿ ಎಳ್ಳಷ್ಟೂ ಲೋಪ ಮಾಡಿಲ್ಲ ಎಂದಳು. ಪಾಲಕ್ ಎಷ್ಟು, ಆಲೂಗಡ್ಡೆ ಎಷ್ಟು, ಬಟ್ಟೆಯಲ್ಲಿ ಹೇಗೆ ಹಿಂಡುವುದು, ಎಲ್ಲವನ್ನೂ ಹೇಳಿದಳು.

ಆ ಹೆಂಗಸು ಬರೆಯುವುದನ್ನು ನಿಲ್ಲಿಸಿದಳು. "ಅಮ್ಮಾ, ಆ ನೀರು... ಅವರಿಗೆ ಕುಡಿಸ್ತಿದ್ರಾ?"

"ದಿನಾ ಎರಡು ಲೋಟ. ನಾನೇ ಎದುರು ಕೂತು ಕುಡಿಸ್ತಿದ್ದೆ."

"ಅದನ್ನ ಚೆಲ್ಲಬೇಕಿತ್ತಲ್ಲಮ್ಮಾ. ಬಸಿದು ಕೊಡಿ ಅಂದ್ರೆ ನೀರು ಚೆಲ್ಲಿ ಬರೀ ತರಕಾರಿ ಕೊಡಿ ಅಂತ. ತರಕಾರೀಲಿ ಪೊಟ್ಯಾಸಿಯಂ ಅಂತ ಇರುತ್ತೆ. ನಮಗೆ ನಿಮಗೆ ಅದು ಒಳ್ಳೇದೇ, ಹೆಚ್ಚಾದ್ರೆ ಕಿಡ್ನಿ ಹೊರಗೆ ಹಾಕುತ್ತೆ. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲೇ ನಿಂತುಬಿಡುತ್ತೆ, ಹೃದಯಕ್ಕೇ ಪೆಟ್ಟು. ಬೇಯಿಸಿದಾಗ ಅದು ನೀರಿಗೆ ಇಳಿಯುತ್ತೆ, ಅದಕ್ಕೇ..." ಎದುರಿನವಳ ಮುಖ ನೋಡಿ ಆ ಹೆಂಗಸು ಬರೆದಿದ್ದ ಹಾಳೆಯನ್ನು ಮಡಿಸಿದಳು.

ಸತ್ವ ಎಲ್ಲಾ ನೀರಲ್ಲೇ ಇರೋದು. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಂಗಿ ಮೂರನೆಯ ದಿನ ಮಧ್ಯಾಹ್ನ ತೀರಿಕೊಂಡಳು. ಅದಕ್ಕೆ ಮೊದಲು ಒಮ್ಮೆ ಎಚ್ಚರವಾಗಿ, "ಏನಾದ್ರೂ ತಿಂದ್ಯಾ ಅಕ್ಕಾ?" ಎಂದು ಕೇಳಿದ್ದಳು, ಅಷ್ಟೇ. ಬೀದಿಯ ಹೆಂಗಸರೆಲ್ಲ ಬಂದರು. ಒಬ್ಬೊಬ್ಬರೂ ಚೆಲ್ಲಬೇಡಮ್ಮನ ಕೈ ಹಿಡಿದು ಒಂದೇ ಮಾತು: "ನಿಮ್ಮಂಥ ಅಕ್ಕ ಇದ್ದದ್ದಕ್ಕೆ ಇಷ್ಟು ದಿನ ಬದುಕಿದ್ಲು. ಕೈಯಾರೆ ನೋಡಿಕೊಂಡ್ರಿ." ಕೈಯಾರೆ! ಅವಳು ಪ್ರತಿಯೊಬ್ಬರಿಗೂ ಹೌದೆಂದು ತಲೆಯಾಡಿಸಿದಳು.

ಹನ್ನೆರಡು ದಿನ ಹಾಗೇ ಕಳೆದವು. ಹದಿಮೂರನೆಯ ದಿನ ಬೆಳಿಗ್ಗೆ ತಡೆಯಲಾರದೆ ಮೇಲೆ ಹೋದಳು. ತಂಗಿಯ ಗಂಡ ಕೆಲಸಕ್ಕೆ ಹೊರಟು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಅವಳು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು: ಬಸಿದು ಕೊಡಿ ಎಂದದ್ದು, ತನಗೆ ತಿಳಿದದ್ದು, ಆಸ್ಪತ್ರೆಯ ಹೆಂಗಸು ಹೇಳಿದ್ದು. "ನಾನೇ ಕೊಂದೆ ಕಣಪ್ಪಾ ಅವಳನ್ನ" ಎಂದಳು.

ಅವನು ದಾರ ಕೈಬಿಟ್ಟು, "ನೀರು ಚೆಲ್ಲಬೇಕು ಅಂತ ನಮಗೆ ಗೊತ್ತಿತ್ತು ಅಕ್ಕಾ" ಎಂದ.

"ಯಾರಿಗೆ ಗೊತ್ತಿತ್ತು?"

"ನನಗೆ. ಅವಳಿಗೆ. ಔಷಧಿ ಕಿಟಕೀಲಿ ಒಂದು ಅಚ್ಚು ಹಾಕಿದ ಚೀಟಿ ಕೊಟ್ಟಿದ್ರು, ಅದರಲ್ಲಿ ಬರೆದಿತ್ತು. ನಿಮಗೆ ತೋರಿಸ್ತೀನಿ ಅಂದೆ. ಅವಳು ಕಿತ್ತು ಇಟ್ಕೊಂಡ್ಲು. 'ಜೀವಮಾನ ಎಲ್ಲಾ ಚೆಲ್ಲಬೇಡಿ ಅಂತ ಹೇಳಿಕೊಂಡು ಬದುಕಿದ್ದಾಳೆ, ಅಕ್ಕನ ನೀರೇ ವಿಷ ಅಂತ ನಾನು ಹೇಗೆ ಹೇಳಲಿ? ಅವಳು ತಂದುಕೊಡಲಿ, ನಾನು ಮೆಲ್ಲಗೆ ಚೆಲ್ಲಿಕೋತೀನಿ, ಇಬ್ಬರೂ ಚೆನ್ನಾಗಿರ್ತೀವಿ' ಅಂದ್ಲು. ಚೆಲ್ತಾನೂ ಇದ್ಲು. ನೀವು ನೋಡಿ ಅತ್ತ ಮೇಲೆ..." ಅವನು ಬೂಟಿನ ದಾರವನ್ನು ಮತ್ತೆ ಎತ್ತಿಕೊಂಡ. "ಅತ್ತ ಮೇಲೆ ಆಗಲ್ಲ ಅಂದ್ಲು. 'ಒಂದು ಲೋಟ ನೀರಿಗೆ ಸತ್ತು ಹೋಗ್ತೀನಾ, ಬಿಡಿ' ಅಂತ ನಕ್ಲು. ನಾನು ಆಗಲಾದ್ರೂ ಬಾಯಿ ಬಿಡಬೇಕಿತ್ತು. ಅಡುಗೆ ವಿಷಯದಲ್ಲಿ ನಿಮಗೆ ಹೇಳೋಕೆ ನಾನ್ಯಾರು ಅಂತ ಸುಮ್ಮನಾದೆ."

ಅವಳು ಗೋಡೆ ಹಿಡಿದುಕೊಂಡಳು. ತಪ್ಪು ತಿಳಿದು ಕುಡಿಸಿದ್ದನ್ನು ಹೇಗೋ ಹೊತ್ತುಕೊಂಡು ಸಾಯುವತನಕ ಇರಬಹುದು ಎಂದುಕೊಂಡಿದ್ದಳು. ಆ ಹುಡುಗಿ ತಿಳಿದೂ ತಿಳಿದೂ, ದಿನಕ್ಕೆರಡು ಸಲ, ತನ್ನ ಮುಖ ನೋಡುತ್ತಾ ಕುಡಿದಿದ್ದಳು. ಅದನ್ನು ಯಾವ ತಲೆಯ ಮೇಲೆ ಹೊತ್ತುಕೊಳ್ಳುವುದು?

"ನನ್ನನ್ನ ಬೈಯಪ್ಪಾ" ಎಂದಳು. "ನಿನ್ನ ಕಾಲಿಗೆ ಬೀಳ್ತೀನಿ, ಒಂದು ಸಲ ಬೈದುಬಿಡು."

ಅವನು ಬೂಟಿನ ದಾರ ಕಟ್ಟಿ ಮುಗಿಸಿದ. ವ್ಯಾನಿನ ಕೀಲಿ ಜೇಬಿಗೆ ಹಾಕಿಕೊಂಡ. ಬಾಗಿಲ ಹತ್ತಿರ ನಿಂತು, ಅವಳ ಕಡೆ ತಿರುಗದೆ ಹೇಳಿದ:

"ಹೇಗೆ ಬೈಲಿ ಅಕ್ಕಾ. ಬೈದ್ರೆ ಅವಳು ಬೇಜಾರು ಮಾಡ್ಕೋತಾಳೆ."

ಅವನ ಹೆಜ್ಜೆ ಮೆಟ್ಟಿಲಿಳಿದು ಬೀದಿಗೆ ಹೋಯಿತು. ಬೈಯಲು ಹಕ್ಕಿದ್ದವನು ಅವನೊಬ್ಬನೇ. ಅವಳು ಬಾಗಿಲು ತೆರೆದೇ ಇದ್ದ ಆ ಮನೆಯಲ್ಲಿ ನಿಂತೇ ಇದ್ದಳು.