ತಳ ಹತ್ತಿದ ಹೂರಣ

ಚಿತ್ತಾಪುರದ ತಹಸೀಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಬಸವಂತರಾಯರ ಹೆಂಡತಿ ಭಾಗಮ್ಮನಿಗೆ ಕುಂತಲ್ಲಿ ಕೂಡುವ ಅಭ್ಯಾಸ ಮೊದಲಿಂದಲೂ ಇರಲಿಲ್ಲ. ಆದರೆ ಆ ವರ್ಷ ಮಾಘದ ಜ್ವರದಿಂದ ಎದ್ದ ಮೇಲೆ ಅವಳ ಕಾಲು ಒಂದು ಕಡೆ ನಿಲ್ಲುವುದನ್ನೇ ಬಿಟ್ಟಿತು. ಒಲೆಯ ಮುಂದೆ ಕೂತವಳು ತಟ್ಟನೆ ಎದ್ದು ಹಿತ್ತಲಿಗೆ ಹೋಗುವಳು. ಹಿತ್ತಲ ಗೋಡೆಗೆ ಕಿವಿಗೊಟ್ಟು ಅರೆಗಳಿಗೆ ನಿಂತು, ಮತ್ತೆ ಒಲೆಗೆ ಓಡಿ ಬರುವಳು. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಮಹಾದೇವಮ್ಮ ಇದನ್ನು ನೋಡಿ ನೋಡಿ, "ಈಕಿ ಕಾಲಿಗಿ ಯಾರರ ಗಾಲಿ ಹಚ್ಯಾರೇನು" ಎಂದು ಗೊಣಗುತ್ತಿದ್ದರು.

ಕಾರಣ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜ್ವರ ಹೋಗುವಾಗ ಭಾಗಮ್ಮನ ಮೂಗಿನ ಶಕ್ತಿಯನ್ನೂ ಜೊತೆಗೆ ಕಟ್ಟಿಕೊಂಡು ಹೋಗಿತ್ತು. ಮೂಗು ಇದ್ದಲ್ಲೇ ಇತ್ತು, ಮೂಗುತಿಯೂ ಇತ್ತು, ವಾಸನೆ ಮಾತ್ರ ಇರಲಿಲ್ಲ. ಜೀರಿಗೆ ಹುರಿದರೂ ಅಷ್ಟೇ, ಸೆಗಣಿ ತಟ್ಟಿದರೂ ಅಷ್ಟೇ.

ಇದೇನು ಅಷ್ಟು ದೊಡ್ಡ ಮಾತು ಎನ್ನುವವರಿಗೆ ಆ ಮನೆಯ ಪದ್ಧತಿ ತಿಳಿಯದು. ಅಲ್ಲಿ ಮಾಡಿದ ಅಡುಗೆ ಮೊದಲು ಅಂಗೈಯ ಲಿಂಗಕ್ಕೆ ಅರ್ಪಿತವಾಗಬೇಕು, ಆಮೇಲೆ ಬಾಯಿಗೆ. ಮಾಡುವವಳು ಉಪ್ಪು ಸಾಕೋ ಬೇಕೋ ಎಂದು ನಾಲಿಗೆಗೆ ಒಂದು ಹನಿ ಹಚ್ಚಿ ನೋಡುವಂತಿಲ್ಲ. ಉಪ್ಪನ್ನು ಅವಳು ಬೆರಳಿನ ಅಂದಾಜಿನಲ್ಲಿ ಹಾಕಬೇಕು, ಉಳಿದದ್ದನ್ನೆಲ್ಲ ಮೂಗಿನಿಂದ ತಿಳಿಯಬೇಕು. ಬೇಳೆ ಬೆಂದದ್ದು, ಬಳ್ಳೊಳ್ಳಿ ಕೆಂಪಾದದ್ದು, ಶೇಂಗಾ ಹುರಿದದ್ದು ಸಾಕು ಎಂಬುದು, ಎಲ್ಲವೂ ಭಾಗಮ್ಮನಿಗೆ ಮೂಗೇ ಹೇಳಿಕೊಟ್ಟ ಪಾಠ. ಚಿಮ್ಮನಚೋಡದ ತವರಿನಿಂದ ಹನ್ನೆರಡರ ಹುಡುಗಿಯಾಗಿ ಬಂದವಳು ಹದಿನೆಂಟು ವರ್ಷ ಆ ಪಾಠದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ತಪ್ಪುವ ಹಾಗೂ ಇರಲಿಲ್ಲ. ಅವಳಿಗೆ ಮಕ್ಕಳಾಗಲಿಲ್ಲ. ಮೂರು ವರ್ಷದ ಹಿಂದೆ ಸೇಡಮ್ಮಿನ ಸಂಬಂಧಿಕರು ಒಬ್ಬ ಹುಡುಗಿಯ ಜಾತಕದ ಸುದ್ದಿ ತಂದು, ಬಸವಂತರಾಯರಿಗೆ ಎರಡನೆಯ ಮದುವೆ ಮಾಡಿರಿ ಎಂದು ಪಡಸಾಲೆಯಲ್ಲಿ ಕೂತು ಹಟ ಹಿಡಿದರು. ಅಂದು ಮಹಾದೇವಮ್ಮ ಭಾಗಮ್ಮ ಬಡಿಸಿದ ಹೋಳಿಗೆಯನ್ನು ಮುರಿಯುತ್ತಾ, "ಮಕ್ಕಳಿಲ್ಲಂದ್ರ ಇಲ್ಲ. ಇಂಥಾ ಕೈ ನಮಗ ಮತ್ತೆಲ್ಲಿ ಸಿಗ್ತದ" ಎಂದು ಮಾತು ಮುಗಿಸಿದ್ದರು. ಬಾಗಿಲ ಮರೆಯಲ್ಲಿದ್ದ ಭಾಗಮ್ಮ ಆ ಮಾತನ್ನು ಗಂಟು ಹಾಕಿಟ್ಟುಕೊಂಡಳು. ಆ ಮನೆಯಲ್ಲಿ ತಾನಿರುವುದು ತನ್ನ ಕೈರುಚಿಯ ಮೇಲೆ, ಅದು ಹೋದ ದಿನ ಸೇಡಮ್ಮಿನವಳು ಬರುತ್ತಾಳೆ ಎಂದು ಅವಳು ತೀರ್ಮಾನ ಮಾಡಿಕೊಂಡಿದ್ದಳು. ಈಗ ಮೂಗು ಹೋಗಿತ್ತು, ಹೇಳುವುದು ಯಾರಿಗೆ?

ಹೇಳದೆಯೇ ತಿಳಿದುಕೊಂಡವಳು ಒಬ್ಬಳೇ, ಹಿಂದಿನ ಮನೆಯ ಇಮಾಮ್ಬೀ. ಅವಳ ಗಂಡ ಮಜೀದಸಾಬ ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದ. ಜ್ವರ ಬಿಟ್ಟ ಹೊಸದರಲ್ಲಿ ಒಂದು ಮಧ್ಯಾಹ್ನ ಭಾಗಮ್ಮ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಬಟ್ಟಲಿಗೆ ಕುಸುಬಿ ಎಣ್ಣೆಯೆಂದೇ ಬಾಟಲಿಯಿಂದ ಸುರಿದು, ಅದನ್ನು ಕಲಸುತ್ತಾ ಹಿತ್ತಲಿಗೆ ಬಂದಳು. ಗೋಡೆಯಾಚೆಯಿಂದ ಇಮಾಮ್ಬೀ ತಲೆ ಎತ್ತಿ ಮೂಗು ಮುಚ್ಚಿಕೊಂಡಳು.

"ಭಾಗಮ್ಮ, ಅದೇನದು? ಕಂದೀಲಿಗಿ ಹಾಕಾಕಿದ್ದೇನು?"

"ಹಿಂಡಿ ಅದ ಅಕ್ಕ. ರೊಟ್ಟಿ ಜೋಡಿ ಬಡಸಾಕ."

"ಘಾಸಲೇಟ್ ಎಣ್ಣಿ ವಾಸನಿ ಬರಾಕತ್ತದಲ್ಲ ತಾಯಿ. ನಿನ್ನ ಮೂಗಿಗಿ ಏನಾಗ್ಯಾದ?"

ಮೈದುನ ದೇವೀಂದ್ರಪ್ಪ ದೀಪದ ಸೀಮೆಎಣ್ಣೆಯ ಬಾಟಲಿಯನ್ನು ಅಡುಗೆಯ ಎಣ್ಣೆಯ ಜಾಗದಲ್ಲಿ ಇಟ್ಟು ಹೋಗಿದ್ದ. ಭಾಗಮ್ಮ ಬಟ್ಟಲನ್ನು ನೋಡಿದಳು, ಇಮಾಮ್ಬೀಯನ್ನು ನೋಡಿದಳು, ಅಲ್ಲೇ ಕುಕ್ಕರಿಸಿ ಅತ್ತಳು. ಹಿಂಡಿ ತಿಪ್ಪೆಯಲ್ಲಿ ಹೂತುಹೋಯಿತು. ಅವಳ ಗುಟ್ಟು ಇಮಾಮ್ಬೀಯ ಹೊಟ್ಟೆಗೆ ಹೋಯಿತು.

ಅಂದಿನಿಂದ ಭಾಗಮ್ಮನ ಅಡುಗೆಯನ್ನು ಗೋಡೆಯಾಚೆಯ ಮೂಗು ಕಾಯತೊಡಗಿತು. ಇಮಾಮ್ಬೀ ಆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ, ಆದರೆ ಒಗ್ಗರಣೆಯ ವಾಸನೆ ಗೋಡೆ ದಾಟಲು ಯಾರ ಅಪ್ಪಣೆ ಬೇಕು? ಹದ ಬಂತೆಂದರೆ ಅವಳು ತನ್ನ ಆಡನ್ನು ದೊಡ್ಡ ಗಂಟಲಿನಲ್ಲಿ ಬೈಯುತ್ತಿದ್ದಳು. ಆಡಿಗೆ ಬೈಗುಳ ಬಿತ್ತೆಂದರೆ ಭಾಗಮ್ಮ ಪಾತ್ರೆ ಇಳಿಸಬೇಕು. ಪಾಪದ ಆಡು ದಿನಕ್ಕೆ ನಾಲ್ಕು ಸಲ ಏನೂ ಮಾಡದೆ ಬೈಸಿಕೊಂಡು ಆರು ತಿಂಗಳು ಕಳೆಯಿತು. "ಇಮಾಮ್ಬೀಗಿ ಆ ಆಡಿನ ಜೋಡಿ ಏನು ಜಗಳಾನೋ" ಎಂದು ಮಹಾದೇವಮ್ಮ ಬೇಸರ ಮಾಡಿಕೊಳ್ಳುತ್ತಿದ್ದರು. ಊಟದ ಬಗ್ಗೆ ಮಾತ್ರ ಯಾರೂ ಒಂದು ಮಾತು ಆಡಲಿಲ್ಲ. ಆದರೂ ಉಣ್ಣುವವರ ಮುಖ ನೋಡಿ ನೋಡಿಯೇ ಭಾಗಮ್ಮ ಸೊರಗಿದಳು.

ಶ್ರಾವಣದ ಮೂರನೆಯ ಸೋಮವಾರ ಮನೆಗೆ ಪೂಜೆಗೆಂದು ಜಂಗಮರಾದ ಅಯ್ಯನವರು ಬರುವುದಿತ್ತು. ಗುರುಲಿಂಗಯ್ಯನವರೆಂದರೆ ಸುತ್ತಿನ ಹತ್ತು ಊರಿಗೆ ಬೇಕಾದವರು, ಹೋಳಿಗೆಯೆಂದರೆ ಅವರಿಗೂ ಅಷ್ಟೇ ಬೇಕು. ಭಾಗಮ್ಮ ನಸುಕಿನಲ್ಲೇ ಮಿಂದು, ತನ್ನ ಪೂಜೆ ಮುಗಿಸಿ, ಕಡಲೆಬೇಳೆ ಬೇಯಲು ಇಟ್ಟಳು. ಬೇಳೆ ಕುದಿಯುವ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಮಜೀದಸಾಬನ ತಲೆ ಕಂಡಿತು.

"ಅಮ್ಮಾರ, ನಮ್ಮಾಕಿ ಹೇಳಂದಾಳ್ರಿ. ಮಗಳು ಜೈತುನ್‌ಗ ಹೆರಿಗಿ ಬ್ಯಾನಿ ಎದ್ದಾವಂತ ಸುದ್ದಿ ಬಂತು. ಮೊದಲನೆ ರೈಲಿಗೇ ವಾಡಿಗಿ ಹೋದ್ಳರಿ."

"ಮಗಳು ಹುಷಾರಿದ್ದಾಳಿಲ್ರಿ?" ಎಂದು ಭಾಗಮ್ಮ ಕೇಳಿದಳು. ಅಲ್ಲಾ ಕಾಪಾಡ್ತಾನ್ರಿ ಎಂದು ಅವನು ಹೋದ. ಭಾಗಮ್ಮ ಗೋಡೆಯನ್ನೇ ನೋಡುತ್ತಾ ನಿಂತಳು. ಆಚೆ ಆಡು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

ನೆಗೆಣ್ಣಿ ಶಿವಕಾಂತಮ್ಮನಿಗೆ, ಬಂದು ಒಲೆಯ ಹತ್ತಿರ ಕೂಡು ಎಂದರೆ ಆಗುತ್ತಿತ್ತು. ದೇವೀಂದ್ರಪ್ಪನ ಹೆಂಡತಿ ಒಳ್ಳೆಯವಳೇ. ಆದರೆ ಯಾಕೆ ಎಂದು ಕೇಳಿದರೆ? ಭಾಗಮ್ಮ ಎರಡು ಸಲ ಪಡಸಾಲೆಯ ಬಾಗಿಲವರೆಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದಳು. ಮೂರನೆಯ ಸಲ ಹೋಗುವಷ್ಟರಲ್ಲಿ ಅಯ್ಯನವರು ಬಂದೇಬಿಟ್ಟರು, ಎಲ್ಲರೂ ಪೂಜೆಗೆ ಕೂತೇಬಿಟ್ಟರು.

ಆ ಮನೆಯಲ್ಲಿ ಲಿಂಗವನ್ನು ಅಂಗೈಗೆ ತೆಗೆದುಕೊಂಡರೆ ಮುಗಿಯಿತು, ಎಡೆ ಅರ್ಪಿಸಿ ಮೊದಲ ತುತ್ತು ಬಾಯಿಗೆ ಹೋಗುವವರೆಗೆ ಯಾರೂ ಏಳುವಂತಿಲ್ಲ, ಮಾತಾಡುವಂತಿಲ್ಲ. ಅಯ್ಯನವರು, ಬಸವಂತರಾಯರು, ದೇವೀಂದ್ರಪ್ಪ, ಮಹಾದೇವಮ್ಮ, ಶಿವಕಾಂತಮ್ಮ ಸಾಲಾಗಿ ಕಣ್ಣು ಮುಚ್ಚಿ ಕೂತರು. ಒಳಗೆ ಭಾಗಮ್ಮ ಬೆಂದ ಬೇಳೆಗೆ ಬೆಲ್ಲ ಹಾಕಿ ಒಲೆಯ ಮೇಲಿಟ್ಟು ಕಣಕ ನಾದತೊಡಗಿದಳು. ನಾದುತ್ತಾ ಎದ್ದಳು. ಗೋಡೆಯಾಚೆ ಯಾರಾದರೂ ಬಂದಿರಬಹುದೇ ಎಂದು ಹಿತ್ತಲಿಗೆ ಹೋದಳು. ಬಂದಳು. ಕಟ್ಟಿಗೆ ಹಿಂದೆ ಸರಿಸಿದಳು, ಮತ್ತೆ ಮುಂದೆ ನೂಕಿದಳು, ಮತ್ತೆ ಹಿತ್ತಲಿಗೆ ಹೋದಳು. ಸುಮ್ಮನೆ ಒಲೆಯ ಮುಂದೆ ಕೂತು ಸೌಟು ಆಡಿಸಿದ್ದರೆ ಯಾವ ಮೂಗೂ ಬೇಕಿರಲಿಲ್ಲ. ಆದರೆ ಹೆದರಿದ ಜೀವಕ್ಕೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಹೂರಣ ತಳ ಹತ್ತಿತು. ಮೊದಲು ಶಿವಕಾಂತಮ್ಮನ ಮೂಗು ಅದುರಿತು. ಆಮೇಲೆ ದೇವೀಂದ್ರಪ್ಪ ಒಂದು ಕಣ್ಣು ತೆರೆದು ಅಣ್ಣನನ್ನು ನೋಡಿದ. ಬಸವಂತರಾಯರು ಗಂಟಲು ಸರಿಮಾಡಿಕೊಂಡರು. ಬೆಲ್ಲ ಸುಟ್ಟ ಕಮಟು ವಾಸನೆ ಪಡಸಾಲೆಯ ತುಂಬ ನಿಂತಿತು, ಮಾತಾಡುವಂತಿಲ್ಲ. ತಾಳಲಾರದೆ ಮಹಾದೇವಮ್ಮ ಮುಂದಿದ್ದ ಗಂಟೆ ಎತ್ತಿಕೊಂಡು ಬಾರಿಸತೊಡಗಿದರು, ಸೊಸೆಗೆ ಎಚ್ಚರವಾಗಲಿ ಎಂದು. ಅಯ್ಯನವರೂ ಬೆರಗಾಗುವ ಹಾಗೆ ಬಾರಿಸಿದರು. ಒಳಗೆ ಭಾಗಮ್ಮ, ಪೂಜೆ ಮುಗಿಯುತ್ತಾ ಬಂತು, ಎಡೆ ತಡವಾಯಿತು ಎಂದು ತಿಳಿದು ಅವಸರದಲ್ಲಿ ಪಾತ್ರೆ ಇಳಿಸಿದಳು. ತಳದಲ್ಲಿ ಬೆರಳಷ್ಟು ಹತ್ತಿದ್ದು ಸೌಟಿಗೆ ತಾಗಿತು. ಅದನ್ನು ಬಿಟ್ಟು ಮೇಲಿನದನ್ನಷ್ಟೇ ತೆಗೆದುಕೊಂಡಳು. ಬಣ್ಣ ಚೆನ್ನಾಗಿಯೇ ಇತ್ತು. ವಾಸನೆ ಮೇಲಿನವರೆಗೂ ಹತ್ತಿತ್ತೆಂದು ಹೇಳುವವರು ವಾಡಿಯಲ್ಲಿದ್ದರು. ಅವಳು ಹೂರಣ ರುಬ್ಬಿ, ಹೋಳಿಗೆ ಬೇಯಿಸಿ, ತುಪ್ಪ ಸುರಿದು ಬಡಿಸಿದಳು.

ಎಡೆ ಅರ್ಪಿತವಾಯಿತು. ಅರ್ಪಿತವಾದ ಮೇಲೆ ಅದು ಪ್ರಸಾದ, ಅದರಲ್ಲಿ ಒಂದು ಚೂರನ್ನೂ ತಟ್ಟೆಯಲ್ಲಿ ಬಿಡುವಂತಿಲ್ಲ. ಐದು ಜನ ತಲೆ ತಗ್ಗಿಸಿ ಅಗಿದರು. ಈಗ ಮಾತಾಡಬಹುದಿತ್ತು, ಆದರೆ ಪ್ರಸಾದಕ್ಕೆ ಕುಂದು ಹೇಳುವವರು ಯಾರು? ಬಾಗಿಲ ಸಂದಿಯಿಂದ ಭಾಗಮ್ಮ ಒಂದೊಂದು ತಟ್ಟೆಯನ್ನೂ ನೋಡಿದಳು. ಎಲ್ಲ ಬರಿದಾದವು, ಚೂರೂ ಉಳಿಯಲಿಲ್ಲ. ಆ ಹೊತ್ತು ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬುಟ್ಟಿ ತುಂಬ ಹೋಳಿಗೆ ಹಿಡಿದು ನಗುಮುಖದಿಂದ ಹೊರಗೆ ಬಂದಳು.

"ಅಯ್ಯನೋರ, ಇನ್ನೊಂದು ಹಾಕ್ಲೇನ್ರಿ?"

ಎಲ್ಲರ ಕೈ ಇದ್ದಲ್ಲೇ ನಿಂತಿತು. ಬಸವಂತರಾಯರು ಹೆಂಡತಿಯ ಮುಖವನ್ನು ಮೊದಲ ಸಲ ಕಾಣುವವರಂತೆ ನೋಡಿದರು. ಗುರುಲಿಂಗಯ್ಯನವರೂ ನೋಡಿದರು, ತುಸು ಹೊತ್ತು ನೋಡಿದರು. ಆಮೇಲೆ ತಟ್ಟೆ ಮುಂದೆ ಚಾಚಿ, "ಹಾಕವ್ವ" ಎಂದರು. ಅಯ್ಯನವರೇ ಹಾಕಿಸಿಕೊಂಡ ಮೇಲೆ ಉಳಿದವರು ಬೇಡವೆನ್ನುವುದು ಹೇಗೆ? ದೇವೀಂದ್ರಪ್ಪ ಎರಡನೆಯದನ್ನು ನುಂಗಲು ಎರಡು ತಂಬಿಗೆ ನೀರು ಕುಡಿದ.

ಅಯ್ಯನವರು ಹೋಗುವಾಗ ಅಂಗಳದಲ್ಲಿ ನಿಂತು ಮಹಾದೇವಮ್ಮನಿಗೆ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಭಾಗಮ್ಮನಿಗೆ ಅದು ಕೇಳಿಸಲಿಲ್ಲ, ಅತ್ತೆ ತಲೆಯಾಡಿಸಿದ್ದು ಮಾತ್ರ ಕಂಡಿತು. ಅಷ್ಟರಲ್ಲಿ ಶಿವಕಾಂತಮ್ಮ ಎಂಜಲು ತಟ್ಟೆಗಳನ್ನು ತಂದಿಟ್ಟು ಮೆಲ್ಲಗೆ ಕೇಳಿದಳು.

"ಅಕ್ಕ, ನಿನಗ ಗೊತ್ತೇ ಆಗಲಿಲ್ಲೇನು? ಹೂರಣ ಹತ್ತಿತ್ತು. ಓಣಿ ತುಂಬ ವಾಸನಿ ಆಗಿತ್ತು."

ಭಾಗಮ್ಮ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಒಲೆ ಸಾರಿಸಿದಳು, ಹಿತ್ತಲಿಗೆ ಹೋದಳು, ಬಂದಳು, ನೀರಿದ್ದ ಕೊಡಕ್ಕೇ ನೀರು ಹೊಯ್ದಳು. ಯಾರಾದರೂ ಬಂದು ಬೈಯಬಾರದೇ ಎನ್ನಿಸಿತು. ಯಾರೂ ಬೈಯಲಿಲ್ಲ.

ಮಹಾದೇವಮ್ಮ ಒಳಗೆ ಬಂದು ಸೊಸೆಯ ಮುಂದೆ ತಟ್ಟೆಯಿಟ್ಟು ಒಂದು ಹೋಳಿಗೆ ಹಾಕಿದರು.

"ನೀ ಇನ್ನಾ ಉಂಡಿಲ್ಲ. ಉಣ್ಣು."

ಭಾಗಮ್ಮ ಮುರಿದು ತಿಂದಳು. ಮತ್ತೊಂದು ಚೂರು ತಿಂದಳು. ಮಹಾದೇವಮ್ಮ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಹ್ಯಾಂಗದ?"

"ಸಿಹಿ ಅದರಿ."

"ಮತ್ತ?"

"ಮತ್ತೇನೂ ತಿಳಿಯಂಗಿಲ್ಲರಿ. ಸಿಹಿ ಅಷ್ಟೇ."

ಅಲ್ಲಿಂದ ಮುಂದೆ ಅವಳಿಗೆ ತಡೆಯಲಾಗಲಿಲ್ಲ. ಜ್ವರ, ಘಾಸಲೇಟ್ ಎಣ್ಣೆ, ಇಮಾಮ್ಬೀಯ ಆಡು, ಎಲ್ಲ ಹೇಳಿದಳು. ಹೇಳಿ ಮುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸೇಡಂದಾಕಿನ್ನ ತರ್ರಿ ಅತ್ತಿ. ನಾ ಏನೂ ಅನ್ನಂಗಿಲ್ಲ. ಕಸ ಮುಸುರಿ ಮಾಡಕೊಂಡು ಒಂದು ಮೂಲ್ಯಾಗ ಇರ್ತೀನಿ."

ಮಹಾದೇವಮ್ಮ ಸೇಡಮ್ಮಿನ ಮಾತಿಗೆ ಹೋಗಲೇ ಇಲ್ಲ.

"ಆರು ತಿಂಗಳಾತು," ಎಂದರು. "ದಿನಾ ನೀ ಹಿಂಗೇ ಉಂಡಿಯೇನು? ಒಂದು ತುತ್ತಿನ ರುಚೀನೂ ತಿಳೀದೆ?"

ಭಾಗಮ್ಮ ಅತ್ತೆಯನ್ನೇ ನೋಡಿದಳು. ಆರು ತಿಂಗಳು ಮನೆಯ ನಾಲ್ಕು ಬಾಯಿಗಳ ಚಿಂತೆ ಮಾಡಿದ್ದಳು, ತನ್ನದೂ ಒಂದು ಬಾಯಿ ಎಂಬುದು ನೆನಪಾಗಿರಲಿಲ್ಲ. ಅವಳು ಅತ್ತಳು. ಅತ್ತೆ ಅಳಲು ಬಿಟ್ಟರು. ಆಮೇಲೆ ಮೊಣಕಾಲ ಮೇಲೆ ಕೈಯೂರಿ, ನೋವಿಗೆ ನರಳುತ್ತಾ ಒಲೆಯ ಮುಂದೆ ಕೂತರು. ಆ ಒಲೆಯ ಮುಂದೆ ಅವರು ಕೂತು ಹತ್ತು ವರ್ಷದ ಮೇಲಾಗಿತ್ತು.

"ಹುಳಿ ತಿಳೀತದೇನು ನಾಲಿಗಿಗಿ?"

"ತಿಳೀತದರಿ. ಖಾರ ಸುಡೋದೂ ತಿಳೀತದ."

"ಆಕಡಿ ಸರದು ಕುಂದ್ರು."

ಮಹಾದೇವಮ್ಮ ಹಿತ್ತಲಿನ ಹುಳಿ ಪುಂಡಿಸೊಪ್ಪು ತರಿಸಿದರು. ಹಸಿಮೆಣಸಿನಕಾಯಿ ಎರಡು ಹಿಡಿ ಹಾಕಿ ಪಲ್ಯಕ್ಕಿಟ್ಟರು, ಹಂಚು ಕಾಯಿಸಿ ರೊಟ್ಟಿ ಬಡಿಯತೊಡಗಿದರು. ನಡುಗುವ ಕೈಯಲ್ಲಿ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದು ಹೋಗುತ್ತಿತ್ತು. ಭಾಗಮ್ಮ ಎರಡು ಸಲ ಎದ್ದಳು.

"ಕುಂದ್ರು ಅಂದೆ. ಒಲಿ ನಿಂದೇ, ಯಾರೂ ಕಸಗೊಳ್ಳಂಗಿಲ್ಲ. ನಾಳಿಂದ ನಾ ಹೊಸ್ತಿಲ ಬಾಜೂಕ ಕುಂತು ವಾಸನಿ ಹೇಳ್ತೀನಿ. ಇವತ್ತೊಂದಿನ ಉಣ್ಣು."

ಭಾಗಮ್ಮ ಕೂತಳು. ಹುಳಿ ದವಡೆಗೆ ಹಿಡಿಯಿತು, ಖಾರ ಕಿವಿಯವರೆಗೂ ಹೋಯಿತು, ಕಣ್ಣಲ್ಲಿ ನೀರು ಸುರಿಯಿತು. ರೊಟ್ಟಿಯ ಹರಿದ ಅಂಚಿನಿಂದ ತಟ್ಟೆ ಬಳಿದು ತಿಂದಳು. ಎಲ್ಲರಿಗೂ ಬಡಿಸಿ ಉಳಿದದ್ದನ್ನಷ್ಟೇ ಹದಿನೆಂಟು ವರ್ಷ ಉಂಡಿದ್ದವಳು ತಲೆಯೆತ್ತಿ ತಟ್ಟೆ ಚಾಚಿದಳು.

"ಅತ್ತಿ, ಇನ್ನೊಂದು ರೊಟ್ಟಿ ಹಾಕ್ರಿ."