ಲೊರೇನ್ ಬರೆಯದ ವರದಿಗಳು

ಲೊರೇನ್ ಹೇಹರ್ಸ್ಟ್ ನನ್ನ ಪಕ್ಕದ ಮನೆಯವಳು. ನಮ್ಮಿಬ್ಬರ ನಡುವೆ ಇರುವುದು ಒಂದೇ ಗೋಡೆ. ಅಲ್ಲಿ ತಟ್ಟೆ ಒಡೆದರೆ ಇಲ್ಲಿ ನನ್ನ ಟೀ ಅಲುಗುತ್ತದೆ. ಇಪ್ಪತ್ತಾರು ವರ್ಷ ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿ ನಿಂತು ದುಡಿದ ಹೆಂಗಸು. ಗಂಡ ಸತ್ತ ಮೇಲೆ, ಊರಿನ ಆಡಳಿತ ನೋಡುವ ಕೌನ್ಸಿಲ್‌ನವರು ಹೆತ್ತವರ ಹೊಡೆತದಿಂದ ಬಿಡಿಸಿ ತಂದ ಮಕ್ಕಳನ್ನು ತನ್ನ ಮನೆಯಲ್ಲಿಟ್ಟು ಸಾಕತೊಡಗಿದಳು. ಹಾಗೆ ಬಂದ ಹತ್ತೊಂಬತ್ತನೆಯ ಮಗು ಬ್ರೈಯನಿ. ಹತ್ತು ವರ್ಷ ವಯಸ್ಸು, ಅಷ್ಟರಲ್ಲೇ ಆರು ಮನೆ ಬದಲಾಯಿಸಿದ್ದಳು.

ಬಂದ ಮೊದಲ ವಾರವೇ ಕುದಿಯುವ ಕೆಟಲ್ ಎಸೆದಳು. ಎರಡನೆಯ ವಾರ ಲೊರೇನ್‌ಳ ಮುಂಗೈ ಕಚ್ಚಿದವಳು ಬಾಯಿಗೆ ರಕ್ತ ಬರುವವರೆಗೂ ಬಿಡಲಿಲ್ಲ. ಫೋನ್ ಬಡಿದುಕೊಂಡರೆ ಸಾಕು, ಅವಳಿಗೆ ಮೈಮೇಲೆ ಬಂದಂತಾಗುತ್ತಿತ್ತು. ಹಿಂದಿನ ಆರು ಮನೆಗಳಿಂದಲೂ ಅವಳನ್ನು ಹೊರಡಿಸಿದ್ದು ಒಂದೊಂದು ಫೋನ್ ಕರೆಯೇ.

ನಾನು ಬಸ್ ಓಡಿಸಿ ನಿವೃತ್ತನಾದವನು, ನನಗೆ ಬೇಕಾಗಿದ್ದು ನಿದ್ದೆ. ಒಂದು ಮಧ್ಯಾಹ್ನ ಗೋಡೆ ಗುದ್ದಿ ಕೂಗಿದೆ. "ಲೊರೇನ್, ಆ ಪಿಶಾಚಿನ ಸುಮ್ನಿರಿಸ್ತೀಯೋ, ಇಲ್ಲಾ ನಾನೇ ಕೌನ್ಸಿಲ್‌ಗೆ ಫೋನ್ ಮಾಡ್ಲೋ?"

"ಮಾಡೋ ಡೆನಿಸ್, ಮಾಡು. ಆಮೇಲೆ ಆ ಫೋನ್ ನಿನ್ ಗಂಟಲಿಗೇ ತುರುಕ್ತೀನಿ."

ಅವಳು ತುರುಕುವವಳೇ. ಆದರೆ ಆ ದನಿಯಲ್ಲಿ ಇದ್ದದ್ದು ಹೆದರಿಕೆ ಎಂದು ನನಗೆ ಆಮೇಲೆ ತಿಳಿಯಿತು.

ನಮ್ಮ ಹ್ಯಾಸಲ್‌ಬೆಕ್ ಕೌನ್ಸಿಲ್‌ನಲ್ಲಿ ಎಲ್ಲೂ ಬರೆದಿಡದ ಒಂದು ಪದ್ಧತಿಯಿತ್ತು. ಮಗು ಹೊಡೆದರೆ, ಒಡೆದರೆ, ಸಾಕುವವರು ಘಟನೆಯ ವರದಿ ಬರೆದು ಕೊಡಬೇಕು. ಮೂರು ವರದಿ ಸೇರಿದರೆ ಸಹಾಯಕ್ಕೆ ನರಪಿಳ್ಳೆಯೂ ಬರುವುದಿಲ್ಲ. ಕಾರು ಬರುತ್ತದೆ, ಮಗುವನ್ನು ಇನ್ನೂರು ಮೈಲಿ ಆಚೆಗೆ ಒಯ್ಯುತ್ತದೆ. ಬ್ರೈಯನಿಯ ಹೆಸರಿನಲ್ಲಿ ಆಗಲೇ ಎರಡು ವರದಿ ಹೋಗಿದ್ದವು. ಹಾಗಾಗಿ ಮೂರನೆಯದನ್ನು ಲೊರೇನ್ ಬರೆಯಲೇ ಇಲ್ಲ. ಹುಡುಗಿ ತಲೆಯಿಂದ ಗುದ್ದಿ ಮುಂದಿನ ಹಲ್ಲು ಬೀಳಿಸಿದಾಗ ಬ್ರೆಡ್ ಗಟ್ಟಿಯಿತ್ತು ಎಂದಳು. ಬಾಗಿಲಿಗೆ ಸಿಕ್ಕಿಸಿ ಮಣಿಕಟ್ಟು ಮುರಿದಾಗ ಹಿಂದಿನ ಮೆಟ್ಟಿಲ ಮೇಲೆ ಜಾರಿದೆ ಎಂದಳು. ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ; ಆ ಮೆಟ್ಟಿಲು ಒಣಗಿತ್ತು.

"ಅವ್ಳು ನಿನ್ನ ಕೊಂದೇ ಬಿಡ್ತಾಳೆ ಕಣೆ."

"ಇಲ್ಲಿಂದ ಕಳಿಸಿದ್ರೆ ಅವ್ಳೇ ಸಾಯ್ತಾಳೆ. ಯಾವ್ದು ವಾಸಿ, ನೀನೇ ಹೇಳು."

ಗೋಡೆ ಗುದ್ದಿದ ನನ್ನ ಕೈಯ ಬಗ್ಗೆ ನನಗೆ ನಾಚಿಕೆಯಾಯಿತು.

ಆ ವರ್ಷ ತಪಾಸಣೆಯವರು ಬಂದು, ಹ್ಯಾಸಲ್‌ಬೆಕ್‌ನಲ್ಲಿ ಮಕ್ಕಳ ರಕ್ಷಣೆಯೆಂಬುದೇ ಇಲ್ಲವೆಂದು ಬರೆದು ಹೋದರು. ಎಲ್ಲ ಸರಿಪಡಿಸಲು ಗ್ವೆನ್ ಪ್ರೊಬರ್ಟ್ ಎಂಬ ವೇಲ್ಸ್ ಹೆಂಗಸನ್ನು ತಂದರು. ಅವಳು ಮಕ್ಕಳನ್ನು ಸಾಕುವವರನ್ನೆಲ್ಲ ಗ್ರಂಥಾಲಯದ ಹಜಾರಕ್ಕೆ ಕರೆಸಿ ತೊಂದರೆಯೇನೆಂದು ಕೇಳಿದಳು. ಲೊರೇನ್ ಜೊತೆ ನಾನೂ ಹೋಗಿದ್ದೆ. ಮೂವತ್ತು ಜನ ಬಿಸ್ಕತ್ತು ತಿನ್ನುತ್ತ ಎಲ್ಲ ಚೆನ್ನಾಗಿದೆ ಎಂದರು. ಹೇಡಿಗಳು! ಲೊರೇನ್ ಮಾತ್ರ ಎದ್ದು ಸ್ವೆಟರ್ ಕಳಚಿದಳು. ತೋಳುಗಳು ಹಸಿರು, ಹಳದಿ, ಕಪ್ಪು. ಜೇಬಿನಿಂದ ತನ್ನ ಹಲ್ಲು ತೆಗೆದು ಗ್ವೆನ್‌ಳ ತಟ್ಟೆಯಲ್ಲಿಟ್ಟಳು.

"ಇದು ಮೇ ತಿಂಗಳದ್ದು. ಇದನ್ನ ನಾನು ಬರೀಲಿಲ್ಲ. ಬರೆದಿದ್ರೆ ನೀವು ಮಗೂನ ಎತ್ಕೊಂಡ್ ಹೋಗ್ತಿದ್ರಿ. ಈಗ ಗೊತ್ತಾಯ್ತಲ್ಲ, ಎತ್ಕೊಂಡ್ ಹೋಗ್ತೀರಾ?"

ಮೂಲೆಯಲ್ಲಿದ್ದ ಮಾಜಿ ಸೈನಿಕನೊಬ್ಬ ಕಾಲರ್ ಸರಿಸಿ ಕುತ್ತಿಗೆಯ ಹೊಲಿಗೆ ತೋರಿಸಿದ. ಆಮೇಲೆ ಒಬ್ಬೊಬ್ಬರೇ ತೋಳು ಮಡಚಿದರು, ಪ್ಯಾಂಟು ಎತ್ತಿದರು. ಗ್ವೆನ್ ಮುಖ ಬಿಳಿಚಿಕೊಂಡಿತು.

"ಸೋಮವಾರದಿಂದ ಯಾರೇ ವರದಿ ಕೊಟ್ರೂ ಮಾರನೇ ದಿನ ಮನೆಗೆ ಸಹಾಯ ಬರುತ್ತೆ, ಕಾರು ಬರಲ್ಲ. ಬರೆದು ಕೊಡ್ತೀನಿ," ಎಂದಳು.

ಬರೆದೂ ಕೊಟ್ಟಳು. ಸೋಮವಾರ ಲೊರೇನ್ ಆ ಕಾಗದವನ್ನು ಬ್ರೈಯನಿಗೆ ಓದಿ ಹೇಳಿದಳು.

"ಸುಳ್ಳು!" ಎಂದು ಹುಡುಗಿ ಬೆಂಕಿ ಕೆದಕುವ ಕಬ್ಬಿಣದ ಸರಳು ಹಿಡಿದು ಬೀದಿ ಕಡೆಯ ಕಿಟಕಿಗೆ ಬೀಸಿದಳು. ಎರಡನೆಯ ಬೀಸಿಗೆ ಅಡ್ಡ ಬಂದ ಲೊರೇನ್‌ಳ ಹಣೆ ಒಡೆಯಿತು. ನಾನು ಓಡಿ ಹೋದಾಗ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು, ಕಾಗದದ ಮೇಲೆ ರಕ್ತ ತೊಟ್ಟಿಕ್ಕುತ್ತಿದ್ದರೂ ವರದಿ ಬರೆಯುತ್ತಿದ್ದಳು.

"ತಲೆ ಕೆಟ್ಟಿದ್ಯೇನೆ? ಅವ್ರ ಮಾತು ನಂಬಿ ಇದನ್ನ ಕಳಿಸ್ತೀಯಾ? ಹರಿದು ಒಲೆಗೆ ಹಾಕು!"

"ಅವ್ರು ಮಾತು ಕೊಟ್ಮೇಲಿನ ಮೊದಲ್ನೇದನ್ನೇ ಮುಚ್ಚಿಟ್ರೆ ಅವ್ರು ಬರೆದುಕೊಟ್ಟ ಕಾಗದ ಯಾವ ಸುಖಕ್ಕೆ ಡೆನಿಸ್?" ಹುಡುಗಿ ಬಾಗಿಲಲ್ಲಿ ನಿಂತು ಅವಳು ಬರೆಯುವುದನ್ನೇ ನೋಡುತ್ತಿದ್ದಳು.

ಮಾರನೆಯ ಬೆಳಗ್ಗೆ ಬ್ರೈಯನಿ ತಾನಾಗಿಯೇ ಕೋಟು, ಬೂಟು ಹಾಕಿಕೊಂಡು ಒಳಗಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಒಂಬತ್ತಕ್ಕೆ ಹೊರಗೆ ಕಾರು ನಿಂತಿತು. ಲೊರೇನ್ ಗೋಡೆ ಹಿಡಿದುಕೊಂಡಳು, ನಾನು ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ. ಬಾಗಿಲು ತೆರೆದವಳು ಬ್ರೈಯನಿಯೇ.

"ಈ ಸಲ ಎಷ್ಟು ದೂರ?"

ಬಂದಿದ್ದವಳು ಗ್ವೆನ್. ಅವಳ ಹಿಂದೆ ಕಿಟಕಿಯ ಅಳತೆ ಹಿಡಿಯುವ ಗಾಜಿನವನು. "ಯಾರೂ ಎಲ್ಲೂ ಹೋಗ್ತಿಲ್ಲ ಪುಟ್ಟಿ. ದಿನಾ ಬೆಳಗ್ಗೆ ಒಬ್ರು ಬರ್ತಾರೆ. ಇವತ್ತು ನಾನು," ಎಂದು ತನ್ನ ಕೋಟು ಬಿಚ್ಚಿ ಮೊಳೆಗೆ ತಗುಲಿಸಿದಳು.

ಬ್ರೈಯನಿ ತನ್ನ ಕೋಟು ಬಿಚ್ಚಲಿಲ್ಲ. ಉಣ್ಣುವಾಗಲೂ ಮಲಗುವಾಗಲೂ ಕೋಟಿನಲ್ಲೇ ಇದ್ದಳು, ಮೂರು ದಿನ. ನಾಲ್ಕನೆಯ ದಿನ ಅದನ್ನು ಕಿತ್ತು ಲೊರೇನ್‌ಳ ಮುಖಕ್ಕೆ ಎಸೆದಳು. ಗುಂಡಿ ಹಣೆಯ ಗಾಯಕ್ಕೆ ತಗುಲಿ ಮತ್ತೆ ರಕ್ತ ಬಂತು. ಲೊರೇನ್ ಅಳುತ್ತಲೇ ಆ ಕೋಟನ್ನು ಒಗೆಯಲು ಹಾಕಿದಳು.