ಕೈಪಿಡಿಯಲ್ಲಿಲ್ಲದ ಇಪ್ಪತ್ತಾರು

ಮುಚ್ಚಿದ ಕಣ್ಣು ತೆರೆಸುವುದು ಅವಳ ಕಸುಬು. ಗುಂಪು ಫೋಟೋಕ್ಕೆ ನಲವತ್ತು ಜನ ನಿಂತರೆ ಒಬ್ಬರಾದರೂ ಸರಿಯಾಗಿ ಅದೇ ಗಳಿಗೆಗೆ ರೆಪ್ಪೆ ಬಡಿದಿರುತ್ತಾರೆ. ಅವರ ಇನ್ನೊಂದು ಫೋಟೋದಿಂದ ಎರಡು ಕಣ್ಣು ಎತ್ತಿ ತಂದು ಇಲ್ಲಿ ಕೂರಿಸಬೇಕು. ಬೆಳಕು ಯಾವ ಕಡೆಯಿಂದ ಬಿದ್ದಿದೆ ನೋಡಿ ನೆರಳು ಹೊಂದಿಸಬೇಕು. ಮದುಮಗಳ ಗಲ್ಲದ ಮೊಡವೆ, ಮದುಮಗನ ಹೊಟ್ಟೆ, ಬೀಗರ ಕುತ್ತಿಗೆಯ ಬೆವರು ಎಲ್ಲವೂ ಅವಳ ಕೈಯಲ್ಲೇ ಅಳಿಯಬೇಕು. ಮದುವೆಗೆ ಮುಂಚೆ ಸೋದರಮಾವನ ಸ್ಟುಡಿಯೋದಲ್ಲಿ ಚೂಪು ಪೆನ್ಸಿಲ್ ಹಿಡಿದು, ನೆಗೆಟಿವ್‌ಗಳ ಮೇಲೆ ಉಸಿರು ಬಿಗಿಹಿಡಿದು ಕಲಿತ ವಿದ್ಯೆ ಅದು. ಕಂಪ್ಯೂಟರ್ ಬಂದ ಮೇಲೆ ಪೆನ್ಸಿಲ್ ಹೋಯಿತು, ವಿದ್ಯೆ ಉಳಿಯಿತು. ಸ್ಟುಡಿಯೋ ಇಟ್ಟಿದ್ದ ಗಂಡಿನ ಕಡೆಯವರು ಅವಳನ್ನು ಒಪ್ಪಿದ್ದೂ ಅದಕ್ಕೇ. ಹುಡುಗಿ ಕೆಲಸ ಬಲ್ಲಳು ಎಂದರು. ಎಷ್ಟು ಕೆಲಸ ಎಂದು ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಸ್ಟುಡಿಯೋದ ಬೋರ್ಡಿನ ಮೇಲೆ ಗಂಡನ ಹೆಸರು. ಅವಳ ಕುರ್ಚಿ ಮನೆಯಲ್ಲಿ, ಅಡುಗೆಮನೆಯ ಗೋಡೆಗೆ ಒತ್ತಿಟ್ಟ ಮೇಜಿನ ಮುಂದೆ. ಆ ಮೇಜಿನ ಅರ್ಧದಲ್ಲಿ ಕಂಪ್ಯೂಟರ್, ಇನ್ನರ್ಧದಲ್ಲಿ ಇಸ್ತ್ರಿಗೆ ಕಾದ ಅಂಗಿಗಳು. ಒಲೆಯ ಮೇಲೆ ಏನಾದರೂ ಕುದಿಯುತ್ತಿರುವಾಗ ಒಂದು ಮುಖ ತಿದ್ದಿ ಮುಗಿಸುವಷ್ಟು ಅವಳ ಲೆಕ್ಕ ಪಕ್ಕಾ ಇತ್ತು. ಹೀಗೆ ಇಪ್ಪತ್ತೆರಡು ವರ್ಷ.

ಆರು ವರ್ಷದ ಕೆಳಗೆ ಗಂಡ ಹೊಸ ಕ್ಯಾಮರಾ ಕೊಂಡ. ಹಳೆಯದನ್ನು ಹಳೇ ಅಂಗಿ ಕೊಟ್ಟಂತೆ ಅವಳಿಗೆ ಕೊಟ್ಟ. ಅವಳು ಅದನ್ನು ಚೀಲದಲ್ಲಿಟ್ಟುಕೊಂಡು ಹೋದಲ್ಲೆಲ್ಲ ಒಯ್ದಳು. ಪಕ್ಕದ ಮನೆಯ ಅಡುಗೆಮನೆಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರಕ್ಕೆ, ಹೆರಿಗೆ ವಾರ್ಡಿಗೆ. ಗಂಡಸರು ಕಾಲಿಡದ, ಕಾಲಿಡಲಾಗದ ಜಾಗಗಳು. ಅಲ್ಲೆಲ್ಲ ಅವಳು ತೆಗೆದದ್ದು ಹೆಂಗಸರ ಕೈಗಳನ್ನು. ಪಾತ್ರೆಯ ತಳ ಉಜ್ಜುವ ಕೈ, ಮಗುವಿನ ಮೂಗು ಒರೆಸಿ ಅದೇ ಸೆರಗಿಗೆ ಒರೆಸಿಕೊಂಡ ಕೈ, ಸೂಜಿಗೆ ದಾರ ಪೋಣಿಸುವ ಅತ್ತೆಯ ನಡುಗುವ ಕೈ. ಫೋಟೋ ಹಂಚಿಕೊಳ್ಳುವ ಒಂದು ಸೈಟಿನಲ್ಲಿ ಸ್ಟುಡಿಯೋದ ಅಕೌಂಟಿತ್ತು. ಅದರ ಮೇಲಿನ ಹೆಸರು ಗಂಡನದು, ಪಾಸ್‌ವರ್ಡ್ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಬೇರೆ ಅಕೌಂಟು ತೆರೆಯಬೇಕೆಂದು ಆಗ ಹೊಳೆಯಲಿಲ್ಲ. ಕೈಗಳನ್ನೂ ಅದರಲ್ಲೇ ಹಾಕುತ್ತ ಹೋದಳು. ಮದುವೆ ಫೋಟೋಗಳಿಗೆ ಹತ್ತು ಲೈಕು ಬಿದ್ದರೆ ಕೈಗಳಿಗೆ ಸಾವಿರಗಟ್ಟಲೆ ಬಿದ್ದವು.

ಒಂದು ದಿನ ಊರಿನ ದೊಡ್ಡ ಗ್ಯಾಲರಿಯಿಂದ ಪತ್ರ ಬಂತು. ಕೈಗಳ ನಲವತ್ತು ಚಿತ್ರಗಳ ಪ್ರದರ್ಶನ, ಆಮೇಲೆ ಪುಸ್ತಕ. ಗಂಡ ಊಟಕ್ಕೆ ಕೂತಿದ್ದಾಗ ಅವಳೇ ಓದಿ ಹೇಳಿದಳು.

"ಒಪ್ಪಿಗೆ ಅಂತ ಬರಿ" ಎಂದ.

"ನನ್ನ ಹೆಸರು?"

"ಎಲ್ಲಿ?"

"ಫೋಟೋ ಕೆಳಗೆ. ತೆಗೆದೋಳು ನಾನಲ್ವಾ?"

ಅವನು ಬೆರಳು ನೆಕ್ಕಿ ನಕ್ಕ. "ನೋಡು, ಅಕೌಂಟು ನಂದು, ಕ್ಯಾಮರಾ ನಂದು, ನೀನೂ ನನ್ನೋಳೇ. ಗುಂಡಿ ಒತ್ತಿದೋರಿಗೆಲ್ಲ ಹೆಸರು ಹಾಕ್ತಾ ಹೋದ್ರೆ ಲಿಫ್ಟಿನೋನಿಗೂ ಹಾಕ್ಬೇಕಾಗುತ್ತೆ."

ಅತ್ತೆಗೆ ಕಿವಿ ಮಂದ. "ಏನಂತೆ ಅವಳಿಗೆ?" ಎಂದು ಕೇಳಿದರು.

"ಹೆಸರು ಬೇಕಂತಮ್ಮ, ಹೆಸರು."

"ಕೊಡು ಮತ್ತೆ. ಅದಕ್ಕೇನು ಕಾಸೇ, ಖರ್ಚೇ" ಎಂದ ಅತ್ತೆ ಇನ್ನೊಂದು ತುತ್ತು ಬಾಯಿಗಿಟ್ಟರು. ಅಲ್ಲಿಗೆ ಮಾತು ಮುಗಿಯಿತು.

ಮೂರನೇ ದಿನ ಅವಳು ಮೂಲ ಫೋಟೋಗಳನ್ನು ಹುಡುಕಲು ಹೋದರೆ ಹಾರ್ಡ್ ಡಿಸ್ಕಿನ ಆ ಫೋಲ್ಡರು ಖಾಲಿ. ಡಬ್ಬಿಯಲ್ಲಿದ್ದ ಮೆಮರಿ ಕಾರ್ಡುಗಳೆಲ್ಲ ಖಾಲಿ. ಇಪ್ಪತ್ತೆರಡು ವರ್ಷದಲ್ಲಿ ಆ ಮೇಜಿನ ಧೂಳನ್ನೂ ಒರೆಸದ ಮನುಷ್ಯ ಹಿಂದಿನ ದಿನ ಅವಳು ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ಕಂಪ್ಯೂಟರ್ ಮುಂದೆ ಕೂತಿದ್ದ.

"ಜಾಗ ಸಾಲ್ತಿರ್ಲಿಲ್ಲ, ಕ್ಲೀನ್ ಮಾಡ್ದೆ" ಎಂದ. "ಸೈಟಲ್ಲಿ ಇದಾವಲ್ಲ, ಇನ್ನೇನು?"

ಸೈಟಿನಲ್ಲಿದ್ದವು, ನಿಜ. ಅವನ ಹೆಸರಿನ ಕೆಳಗೆ ಇದ್ದವು. ಅವಳು ತೆಗೆದದ್ದೆಂದು ಹೇಳಲು ಈಗ ಅವಳ ಬಾಯಿಮಾತೊಂದನ್ನು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಹೆಂಡತಿಯ ಬಾಯಿಯ ಸಾಕ್ಷಿಗೆ ಎಷ್ಟು ತೂಕವೆಂದು ಅವಳಿಗೆ ಗೊತ್ತಿತ್ತು. ಅವಳು ಕೂಗಾಡಲಿಲ್ಲ. ಸಿಟ್ಟನ್ನು ಹಾಲಿಗೆ ಹೆಪ್ಪು ಹಾಕಿದಂತೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿಟ್ಟಳು. ಅಲ್ಲಾಡಿಸದಿದ್ದರೆ ಅದು ಗಟ್ಟಿಯಾಗುತ್ತದೆ. ಪ್ರದರ್ಶನಕ್ಕೆ ಇನ್ನು ಮೂರು ವಾರವಿತ್ತು. ಅಷ್ಟರೊಳಗೆ ಅವಳ ಹೆಸರು ಆ ಚಿತ್ರಗಳ ಕೆಳಗೆ ಬರದಿದ್ದರೆ ಪುಸ್ತಕವಾಗಿ ಅಚ್ಚಾಗಿ ಅವು ಶಾಶ್ವತವಾಗಿ ಅವನದಾಗುತ್ತಿದ್ದವು.

ದಾರಿ ತೋರಿಸಿದ್ದು ಗಂಡನೇ. ಗ್ಯಾಲರಿಯವರು ನಲವತ್ತು ಚಿತ್ರಗಳ ಶೀರ್ಷಿಕೆ, ತಾರೀಖು ಕೇಳಿದ್ದರು. "ಪಟ್ಟಿ ಮಾಡ್ಕೊಡು, ನಂಗೆ ಪುರುಸೊತ್ತಿಲ್ಲ" ಎಂದ. ಒಂದೊಂದೇ ಪುಟ ತೆರೆದು ಬರೆದುಕೊಳ್ಳುವ ಬದಲು ಸುಲಭ ದಾರಿ ಹುಡುಕುತ್ತ ಅವಳು ಸೈಟಿನ ತಳದಲ್ಲಿ ಸಣ್ಣ ಅಕ್ಷರದಲ್ಲಿದ್ದ ಡೆವಲಪರ್ ಟೂಲ್ಸ್ ಎಂಬ ಬಾಗಿಲು ತಳ್ಳಿದಳು. ಪ್ರೋಗ್ರಾಂ ಬರೆಯುವವರಿಗಾಗಿ ಇಟ್ಟ ಮೂಲೆ ಅದು. ಸಾಲಾಗಿ ಕಮಾಂಡುಗಳು. ಒಂದನ್ನು ಆರಿಸಿ, ಖಾಲಿ ಚೌಕದಲ್ಲಿ ಫೋಟೋದ ನಂಬರು ತುಂಬಿ ಗುಂಡಿ ಒತ್ತಿದರೆ ಕೆಳಗೆ ಉತ್ತರ ಉದುರುತ್ತದೆ. ಪಕ್ಕದಲ್ಲೇ ಕೈಪಿಡಿ, ಪ್ರತಿ ಕಮಾಂಡಿಗೂ ಅರ್ಥ.

ಅವುಗಳಲ್ಲೊಂದು ವಿಚಿತ್ರದ್ದಿತ್ತು. ಇರುವ ಕಮಾಂಡುಗಳನ್ನೆಲ್ಲ ಹೇಳು ಎಂದು ಸೈಟನ್ನೇ ಕೇಳುವ ಕಮಾಂಡು. ಒತ್ತಿದಳು. ಉದ್ದ ಪಟ್ಟಿ ಬಂತು. ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಒಗೆಯಲು ಹಾಕಿದ ಕಾಲುಚೀಲ ಹನ್ನೆರಡು, ಒಣಗಿ ಬಂದದ್ದು ಹನ್ನೊಂದು ಎಂದು ಇಪ್ಪತ್ತೆರಡು ವರ್ಷ ಎಣಿಸಿದವಳು ಇದನ್ನೂ ಎಣಿಸಿದಳು. ಕೈಪಿಡಿಯಲ್ಲಿ ನೂರ ಎಂಬತ್ತನಾಲ್ಕು. ಸೈಟು ಬಾಯಿಬಿಟ್ಟು ಹೇಳಿದ್ದು ಇನ್ನೂರ ಹತ್ತು.

ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಎರಡೂ ಪಟ್ಟಿ ಬರೆದು, ಬೇಳೆಯಲ್ಲಿ ಕಲ್ಲು ಆರಿಸಿದಂತೆ ಆರಿಸಿದಳು. ಕೈಪಿಡಿಯಲ್ಲಿಲ್ಲದ ಇಪ್ಪತ್ತಾರು ಉಳಿದವು. ಗಂಡ ಸ್ಟುಡಿಯೋಕ್ಕೆ ಹೋದ ಮೇಲೆ, ನೆಲ ಒರೆಸಿ ಒಣಗುವಷ್ಟು ಹೊತ್ತಿನಲ್ಲಿ, ದಿನಕ್ಕೆ ಮೂರೋ ನಾಲ್ಕೋ ಒತ್ತಿ ನೋಡಿದಳು. ಹೆಚ್ಚಿನವು ನಿಮಗೆ ಅನುಮತಿ ಇಲ್ಲ ಎಂದವು. ಆ ಮಾತು ಅವಳಿಗೆ ಹೊಸದಲ್ಲ, ಮುಂದಕ್ಕೆ ಹೋದಳು. ಕೆಲವು ತಪ್ಪು ಎಂದವು. ಒಂದು ಅವಳ ಫೋಟೋವನ್ನು ಸುಮ್ಮನೆ ತಲೆಕೆಳಗು ಮಾಡಿ ತೋರಿಸಿತು.

ಹತ್ತೊಂಬತ್ತನೆಯದು ಮಾತಾಡಿತು. ಕ್ಯಾಮರಾ ಪ್ರತಿ ಫೋಟೋದ ಒಳಗೆ ಗುಟ್ಟಾಗಿ ಬರೆದಿಡುವುದನ್ನೆಲ್ಲ ಸೈಟು ಹೊರಗೆ ತೋರಿಸದಿದ್ದರೂ ಒಳಗೆ ಹಾಗೇ ಇಟ್ಟುಕೊಂಡಿತ್ತು. ಕ್ಯಾಮರಾದ ನಂಬರು, ಅವಳ ಹಳೆಯ ಕ್ಯಾಮರಾದ ಹೊಟ್ಟೆಯ ಮೇಲೆ ಕೊರೆದಿದ್ದ ಅದೇ ನಂಬರು. ಅದರ ಕೆಳಗಿನ ಸಾಲು, ಕ್ಯಾಮರಾದ ಒಡೆಯರು. ಅದರ ಮುಂದೆ ಒಂದು ಹೆಸರು.

ದಂಡಪಿಂಡ.

ನೋಡುತ್ತ ಕೂತಳು. ಆಮೇಲೆ ನೆನಪಾಯಿತು. ಕ್ಯಾಮರಾ ಕೊಡುವ ದಿನ ಗಂಡ ಅದರ ಮೆನುವಿನೊಳಗೆ ಹೋಗಿ ತನ್ನ ಹೆಸರು ಅಳಿಸಿ ಅವಳ ಹೆಸರು ಹಾಕುತ್ತೇನೆಂದಿದ್ದ. ಒಂದೊಂದು ಅಕ್ಷರಕ್ಕೂ ಬಾಣದ ಗುಂಡಿ ಒತ್ತಿ ಒತ್ತಿ, ಅರ್ಧ ಗಂಟೆ ಕೂತು ಬರೆದು, ಗೆಳೆಯರಿಗೆ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮನೆಯಲ್ಲಿ ಕರೆಯುತ್ತಿದ್ದುದೂ ಅದೇ. ಏ ದಂಡಪಿಂಡ, ನೀರು ತಾ. ಏ ದಂಡಪಿಂಡ, ಆ ಆಲ್ಬಮ್ ಮುಗೀತಾ? ಹೆಂಡತಿಗಾಗಿ ಅವನು ಅಷ್ಟು ತಾಳ್ಮೆಯಿಂದ ಮಾಡಿದ ಕೆಲಸ ಅದೊಂದೇ. ಅವಳು ಮರೆತಿದ್ದಳು. ಕ್ಯಾಮರಾ ಮರೆತಿರಲಿಲ್ಲ. ನಲವತ್ತು ಫೋಟೋಗಳಲ್ಲೂ ಬರೆದಿಟ್ಟಿತ್ತು.

ಆ ಪುಟವನ್ನು ಮುದ್ರಿಸಿಟ್ಟುಕೊಂಡಳು. ಅವಳಿಗೆ ಬಹಳ ದಿನದ ಮೇಲೆ ಹಸಿವಾಯಿತು.

ಇಪ್ಪತ್ತನಾಲ್ಕನೆಯದು ಅದಕ್ಕೂ ಮಿಗಿಲು. ಸೈಟಿನವರು ಯಾವಾಗಲೋ ಫೋಟೋದ ಕೆಳಗೆ ಅಕೌಂಟಿನವರ ಹೆಸರಲ್ಲದೆ ಚಿತ್ರ ತೆಗೆದವರ ಹೆಸರನ್ನೂ ತೋರಿಸಬೇಕೆಂದು ಅರ್ಧ ಕೆಲಸ ಮಾಡಿ ಕೈಬಿಟ್ಟಿದ್ದರು, ಅದರ ಕಮಾಂಡು ಮಾತ್ರ ಹಾಗೇ ಉಳಿದಿತ್ತು. ನೆಲ ಒರೆಸುವ ಮುರಿದ ಕೋಲಿನ ಒಂದು ಫೋಟೋ ಇತ್ತು, ಯಾರೂ ನೋಡದ್ದು. ಅದರ ಮೇಲೆ ಪರೀಕ್ಷಿಸಿದಳು. ಗಂಡನ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ಸಾಲು ಮೂಡಿತು. ಚಿತ್ರ ತೆಗೆದವರು: ದಂಡಪಿಂಡ. ಬೇರೆ ಹೆಸರು ಬರೆಯಲು ಚೌಕವೇ ಇರಲಿಲ್ಲ, ಅದು ಕ್ಯಾಮರಾ ಹೇಳಿದ್ದನ್ನಷ್ಟೇ ಕೇಳುತ್ತಿತ್ತು. ತೆಗೆಯಲು ನೋಡಿದಳು. ಇನ್ನೂರ ಹತ್ತರಲ್ಲಿ ಎಲ್ಲೂ ತೆಗೆಯುವ ಕಮಾಂಡು ಇರಲಿಲ್ಲ.

ಗ್ಯಾಲರಿಯ ಗೋಡೆಯ ಮೇಲೆ ಕಾಗದದ ಫೋಟೋಗಳಿರುವುದಿಲ್ಲ, ಪರದೆಗಳಿರುತ್ತವೆ, ಚಿತ್ರವನ್ನೂ ಹೆಸರನ್ನೂ ಅವು ಸೈಟಿನಿಂದಲೇ ಎಳೆದುಕೊಳ್ಳುತ್ತವೆ ಎಂದು ಪತ್ರದಲ್ಲಿ ಬರೆದಿತ್ತು. ಅವಳು ಕಾದಳು. ಕಾಯುವಷ್ಟು ದಿನ ಗಂಡನಿಗೆ ಬಿಸಿ ಬಿಸಿ ಬಡಿಸಿದಳು. ಅವನ ಭಾಷಣವನ್ನೂ ಅವಳೇ ಬರೆದುಕೊಟ್ಟಳು. ‘ಹೆಣ್ಣಿನ ಶ್ರಮ ಕಣ್ಣಿಗೆ ಕಾಣುವುದಿಲ್ಲ’ ಎಂಬ ಸಾಲನ್ನು ಎರಡು ಕಡೆ ಹಾಕಿದಳು.

ಪ್ರದರ್ಶನದ ದಿನ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಮುಂಚೆಯೇ ಹೊರಟ. ಅವಳು ಮೇಜಿನ ಮುಂದೆ ಕೂತು ನಲವತ್ತು ನಂಬರುಗಳನ್ನು ತುಂಬಿ ನಲವತ್ತು ಸಲ ಗುಂಡಿ ಒತ್ತಿದಳು. ಪ್ರತಿ ಸಲವೂ ಒಂದು ಗಂಟು ಬಿಗಿದಷ್ಟು ಸುಖವಾಯಿತು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಚೆಲ್ಲಲಿ ಎಂದು ಬಿಟ್ಟಳು. ಆಮೇಲೆ ಅತ್ತೆಗೆ ಸೀರೆ ಉಡಿಸಿ, ಕ್ಯಾಮರಾ ಚೀಲದಲ್ಲಿ ಹಾಕಿಕೊಂಡು ಹೊರಟಳು.

ಹನ್ನೊಂದಕ್ಕೆ ಪರದೆಗಳು ಬೆಳಗಿದವು. ನೂರಿಪ್ಪತ್ತು ಜನರಿದ್ದರು. ಗಂಡ ಭಾಷಣ ಮುಗಿಸಿ ಚಪ್ಪಾಳೆಗೆ ಕಾದ. ಚಪ್ಪಾಳೆ ಬಂತು, ಜೊತೆಗೆ ಗುಸುಗುಸುವೂ ಬಂತು. ಗ್ಯಾಲರಿ ನಡೆಸುತ್ತಿದ್ದ ಮೇಡಂ ಪರದೆಯ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು.

"ಸಾರ್, ದಂಡಪಿಂಡ ಅಂದ್ರೆ ಯಾರು?"

ಅವನು ತಿರುಗಿ ನೋಡಿದ. ಒಂದು ಪರದೆ, ಎರಡು, ನಲವತ್ತು. ಅವನ ಮುಖ ಬಿಳಿಚಿಕೊಂಡದ್ದನ್ನು ಅವಳು ಹಿಂದಿನ ಸಾಲಿನಿಂದ ಕಸುಬಿನವಳ ಕಣ್ಣಲ್ಲಿ ನೋಡಿದಳು. ಇಂಥ ಬಣ್ಣವನ್ನು ತಿದ್ದಲು ಬಹಳ ಹೊತ್ತು ಬೇಕು. ಗೊತ್ತಿಲ್ಲ ಎಂದರೆ ಚಿತ್ರ ಅವನದಲ್ಲ. ನನ್ನ ಹೆಂಡತಿ ಎಂದರೂ ಅವನದಲ್ಲ.

"ಅದು ನಾನೇ ಮೇಡಂ. ನನ್ನ ಅಡ್ಡಹೆಸರು. ಕವಿಗಳಿಗೆ ಕಾವ್ಯನಾಮ ಇರುತ್ತಲ್ಲ, ಹಾಗೆ."

ಜನ ನಕ್ಕರು. ಪತ್ರಿಕೆಯವನೊಬ್ಬ ಬರೆದುಕೊಂಡ. ಅವಳಿಗೆ ಒಂದು ಗಳಿಗೆ ನಂಬಲಾಗಲಿಲ್ಲ. ಹೆಸರನ್ನು ಕಸಿದವನು ಬೈಗುಳವನ್ನೂ ಬಿಡಲಿಲ್ಲ. ಎದ್ದು ನಿಲ್ಲಬೇಕೆಂದು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆ, ಕಿವಿ ಮಂದವಿದ್ದವರ ದೊಡ್ಡ ದನಿಯಲ್ಲಿ ಕೇಳಿದರು.

"ಏನಂದ ಅವನು?"

"ದಂಡಪಿಂಡ ಅಂದ್ರೆ ತಾನೇ ಅಂತೆ ಅತ್ತೆ" ಎಂದಳು, ಅವರ ಕಿವಿಯ ಹತ್ತಿರ, ನಿಧಾನವಾಗಿ.

"ನೀನ್ಯಾಕೋ ದಂಡಪಿಂಡ ಆಗ್ತೀಯ?" ಅತ್ತೆಯ ದನಿ ಗೋಡೆಗೆ ಬಡಿಯಿತು. "ಅದು ಇವಳನ್ನ ನೀನು ಕರೆಯೋದಲ್ವಾ?"

"ಅಮ್ಮ, ಸುಮ್ನಿರು."

"ಸುಮ್ನಿರೋದೇನು? ಅಲ್ಲಿ ದಾರ ಪೋಣಿಸ್ತಿರೋದು ನನ್ನ ಕೈ. ಆವತ್ತು ನೀನೆಲ್ಲಿದ್ದೆ? ಅಲ್ಲಾಡ್ಬೇಡಿ ಅತ್ತೆ, ಅಲ್ಲಾಡ್ಬೇಡಿ ಅತ್ತೆ ಅಂತ ಹೇಳಿ ಹೇಳಿ ಇವಳೇ ತೆಗೆದದ್ದು. ಸೂಜಿ ಚುಚ್ಚಿ ರಕ್ತ ಬಂದಿತ್ತು ನಂಗೆ."

ಇದು ಮುಗ್ಧತೆಯೋ, ಮಗನ ಮೇಲೆ ಅತ್ತೆಗೂ ಯಾವುದೋ ಹಳೇ ಲೆಕ್ಕವಿತ್ತೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮೇಡಂ ನಡುವಿನ ಕುರ್ಚಿಗಳನ್ನು ಸರಿಸಿಕೊಂಡು ಹಿಂದಿನ ಸಾಲಿಗೆ ಬಂದರು. ಅವಳು ಚೀಲದಿಂದ ಕ್ಯಾಮರಾ ತೆಗೆದಳು, ಅದರ ಹೊಟ್ಟೆಯ ನಂಬರು ತೋರಿಸಿದಳು, ಮುದ್ರಿಸಿದ್ದ ಪುಟ ಬಿಡಿಸಿ ಅದರ ಪಕ್ಕ ಹಿಡಿದಳು. ಮೆನು ತೆರೆದು ಒಡೆಯರ ಹೆಸರನ್ನೂ ತೋರಿಸಿದಳು. ಮೇಡಂ ಮೂರನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಗಂಡನ ಕಡೆ ನೋಡಿದರು. ಅವನು ಪರದೆಯೊಂದರ ತಂತಿಯನ್ನು ಗೋಡೆಯಿಂದ ಕೀಳಲು ಹೋಗಿದ್ದ. ಪತ್ರಿಕೆಯವನು ಅದರ ಫೋಟೋ ತೆಗೆಯುತ್ತಿದ್ದ.

ಮನೆಗೆ ಬಂದ ಮೇಲೆ ಅವನು ಕೂಗಾಡಿದ. ಕೂಗಿ ಸುಸ್ತಾದ ಮೇಲೆ ಮೇಜಿನ ಹತ್ತಿರ ಬಂದ.

"ತೆಗಿ ಅದನ್ನ."

"ತೆಗೆಯೋ ಕಮಾಂಡು ಅವರು ಮಾಡೇ ಇಲ್ಲ ರೀ."

"ಹಾಕೋದು ಕಂಡುಹಿಡಿದೆಯಲ್ಲ, ತೆಗೆಯೋದೂ ಕಂಡುಹಿಡಿ."

"ದಂಡಪಿಂಡಕ್ಕೆ ಅಷ್ಟೆಲ್ಲ ಎಲ್ಲಿ ಬರುತ್ತೆ?"

ಅವನು ಕುರ್ಚಿ ಎಳೆದುಕೊಂಡು ಕೂತ. "ಹೋಗ್ಲಿ, ಪುಸ್ತಕಕ್ಕೆ ನಿನ್ನ ಹೆಸರೇ ಹಾಕ್ಸ್ಕೋ. ಆ ಅಡ್ಡಹೆಸರೊಂದು ಬೇಡ ಅನ್ನು. ಮನೆ ಮರ್ಯಾದೆ ಪ್ರಶ್ನೆ."

ಬೆಳಿಗ್ಗೆ ಉಕ್ಕಿದ ಹಾಲು ಒಲೆಯ ಮೇಲೆ ಹಾಗೇ ಒಣಗಿ ಅಂಟಿತ್ತು. ಅವಳು ಅದನ್ನು ತೋರಿಸಿ, ಕೆರೆಯುವ ಚಮಚ ಅವನ ಮುಂದಿಟ್ಟು ಎದ್ದುಹೋದಳು.

ಎರಡು ತಿಂಗಳಾದ ಮೇಲೆ ಪುಸ್ತಕದ ಕರಡು ಅವಳ ಹೆಸರಿಗೇ ಅಂಚೆಯಲ್ಲಿ ಬಂತು. ಮೊದಲ ಪುಟದಲ್ಲಿ ಅವಳ ಪೂರ್ತಿ ಹೆಸರು. ಅವಳು ಪೆನ್ಸಿಲ್ ಚೂಪು ಮಾಡಿಕೊಂಡು ಅದರ ಕೆಳಗೆ ಎರಡು ಸಾಲು ಸೇರಿಸಿದಳು. ಕ್ಯಾಮರಾದಲ್ಲಿ ನಮೂದಾದ ಹೆಸರು: ದಂಡಪಿಂಡ. ನಮೂದಿಸಿದವರು: ಕಲಾವಿದೆಯ ಪತಿ, ಸ್ಟುಡಿಯೋ ಮಾಲೀಕರು.

ಮೇಡಂ ಫೋನ್ ಮಾಡಿದರು. "ಎರಡನೇ ಸಾಲು ಬೇಕೇ ಬೇಕಾ? ಮನೇಲಿ ಕಷ್ಟ ಆಗಲ್ವಾ ನಿಮಗೆ?"

"ಆಗ್ಲಿ ಮೇಡಂ" ಎಂದಳು. "ಆ ಸಾಲಿನ ಅಕ್ಷರ ಮಾತ್ರ ಸ್ವಲ್ಪ ದಪ್ಪ ಮಾಡ್ಸಿ."